ಈ ವರ್ಷದ ನಾಚಿಕೆಯ ಕೊಆಲಾಗಳು

ಸೆಪ್ಟೆಂಬರ್ 2, ಸೋಮವಾರ

ಅಕ್ಕ ಇಸೊಬೆಲ್ ಕ್ರಿಸ್‌ಮಸ್ಸಿಗೆ ಕೊಟ್ಟ ಡೈರಿ ಇಷ್ಟು ದಿನ ಮೇಜಿನ ಕಾಲಿನ ಕೆಳಗಿತ್ತು. ಇವತ್ತು ತೆಗೆದೆ. ಮೇಜು ಅಲ್ಲಾಡುತ್ತಿದೆ. ಮೊದಲ ಪುಟದಲ್ಲಿ 'ನಿಮ್ಮ ಕೆಲಸವನ್ನು ಬಣ್ಣಿಸಿ' ಎಂದು ಅಚ್ಚು ಮಾಡಿದ್ದಾರೆ. ಸರಿ.

ನನ್ನ ಕೆಲಸ ನೋಡುವುದು. ಹೇವುಡ್ ಸುತ್ತಲಿನ ನೀಲಗಿರಿ ತೋಪುಗಳನ್ನು ಕಾಗದಕ್ಕೆಂದು ಕಡಿಯುತ್ತಾರೆ. ಆ ತೋಪುಗಳಲ್ಲಿ ಕೊಆಲಾಗಳು ಬಂದು ಸಂಸಾರ ಹೂಡಿವೆ. ಕಡಿಯುವ ಯಂತ್ರದ ಮುಂದೆ ನಾನು ಸಾಲು ಸಾಲಾಗಿ ನಡೆದು ಪ್ರತಿ ಮರದ ತಲೆ ನೋಡುತ್ತೇನೆ. ಕೊಆಲಾ ಇದ್ದರೆ ಕಾಂಡಕ್ಕೆ ಗುಲಾಬಿ ಪಟ್ಟಿ ಕಟ್ಟುತ್ತೇನೆ. ಪಟ್ಟಿ ಇರುವ ಮರವನ್ನೂ ಅದರ ಸುತ್ತಲಿನವನ್ನೂ ಯಂತ್ರ ಓಡಿಸುವ ಡೆಸ್ ಮುಟ್ಟುವುದಿಲ್ಲ. ಕೊಆಲಾ ತನಗೆ ಮನಸ್ಸು ಬಂದಾಗ ಇಳಿದು ಹೋಗಬೇಕು, ಆಮೇಲೆ ಕಡಿತ. ಪಟ್ಟಿ ಇಲ್ಲದ ಮರ ಡೈರಿಯಾಗುತ್ತದೆ.

ಈ ಹಂಗಾಮಿನ ಕಡಿತ ಇವತ್ತು ಶುರು. ಪ್ರತಿ ವರ್ಷದಂತೆ ಚಹಾ ಶೆಡ್ಡಿನಲ್ಲಿ ಎಲ್ಲರನ್ನೂ ಕೂರಿಸಿ ಕೊಆಲಾ ಪಾಠ ಹೇಳಿದೆ. ಅದು ಕರಡಿಯಲ್ಲ, ಹೊಟ್ಟೆಯ ಚೀಲದಲ್ಲಿ ಮರಿ ಬೆಳೆಸುವ ಪ್ರಾಣಿ. ತಿನ್ನುವುದು ನೀಲಗಿರಿ ಎಲೆ. ಆ ಎಲೆಯಲ್ಲಿ ವಿಷ ಹೆಚ್ಚು, ಸತ್ವ ಕಡಿಮೆ. ಅದನ್ನು ಅರಗಿಸುವುದಕ್ಕೇ ಇರುವ ಶಕ್ತಿಯೆಲ್ಲ ಖರ್ಚಾಗುವುದರಿಂದ ದಿನದ ಮುಕ್ಕಾಲು ಪಾಲು ನಿದ್ದೆ. ಎಲೆಯಿಂದ ಅಮಲೇರುತ್ತದೆ ಎನ್ನುವುದು ಸುಳ್ಳು. ಹಿಂದಿನ ಬೆಂಚಿನಲ್ಲಿ ಕೈ ಮೇಲೆದ್ದಿತು. ಡೆಸ್‌ನದು.

"ಹಂಗಾದ್ರೆ ಅವು ಕುಡಿದು ಮಲಗಿರಲ್ವಾ?"

"ಇಲ್ಲ."

"ಪ್ರತಿ ವರ್ಷ ಕೇಳ್ತೀನಿ ವರ್ನ್. ಒಂದ್ಸಲ ಹೌದು ಅಂದ್ರೆ ನಿನ್ ಗಂಟೇನು ಹೋಗುತ್ತೆ ಮಾರಾಯ್ತಿ?"

ಗಂಟೇನೂ ಹೋಗುವುದಿಲ್ಲ. ಆದರೆ ಸುಳ್ಳು ಹೇಳುವುದು ನನ್ನ ಕೆಲಸವಲ್ಲ.

ಇವತ್ತು ನೋಡಿದ್ದು: ನಾಲ್ಕು. ಬೆಳಕು ಚೆನ್ನಾಗಿರಲಿಲ್ಲ.

ಸೆಪ್ಟೆಂಬರ್ 5, ಗುರುವಾರ

ಈ ತೋಪನ್ನು ನೆಟ್ಟವನು ಕುಡಿದಿದ್ದ. ಸಾಲುಗಳು ನಡುವಿನಲ್ಲಿ ಸೊಟ್ಟಗಾಗಿವೆ. ಹತ್ತು ಗಂಟೆಯ ಚಹಾಕ್ಕೆ ಕೂತಾಗ ಡೆಸ್‌ಗೆ ಹೇಳಿದೆ. ಅವನು ಸಾಲಿನ ತುದಿಯವರೆಗೂ ನೋಡಿದ, ಆಮೇಲೆ ನನ್ನನ್ನು ನೋಡಿದ, ಆಮೇಲೆ ವೆಜಿಮೈಟ್ ಹಚ್ಚಿದ ಬ್ರೆಡ್ಡನ್ನು ನೋಡಿದ.

"ನೆಟ್ಟಗಿದೆ ಅನ್ಸುತ್ತಪ್ಪ ನಂಗೆ."

ಯಂತ್ರದಲ್ಲಿ ಕೂತು ಕೂತು ಇವನಿಗೆ ಸೊಟ್ಟ ಯಾವುದು ನೆಟ್ಟಗೆ ಯಾವುದು ತಿಳಿಯದಂತಾಗಿದೆ. ಕಣ್ಣು ತೋರಿಸಿಕೊಳ್ಳಬೇಕು ಇವನು.

ಕೊಆಲಾಗಳಿಗೆ ಈ ವರ್ಷ ನಾಚಿಕೆ ಹೆಚ್ಚಾಗಿದೆ. ನೇರವಾಗಿ ನೋಡಿದರೆ ಇರುವುದಿಲ್ಲ. ಸ್ವಲ್ಪ ಪಕ್ಕಕ್ಕೆ ನೋಡಿದರೆ ಕವಲಿನಲ್ಲಿ ಕೂತಿರುತ್ತವೆ. ಮತ್ತೆ ನೇರ ನೋಡಿದರೆ ಮಾಯ. ಇಷ್ಟು ವರ್ಷದಲ್ಲಿ ಇಂಥ ಚಾಳಿ ಕಂಡಿರಲಿಲ್ಲ. ಯಾರಾದರೂ ವಿಜ್ಞಾನಿಗಳು ಬಂದು ಅಧ್ಯಯನ ಮಾಡಬೇಕಾದ ವಿಷಯ.

ಸೆಪ್ಟೆಂಬರ್ 8, ಭಾನುವಾರ

ಇಸೊಬೆಲ್ ಬಂದಿದ್ದಳು, ಸ್ಕೋನು ಬನ್ನು ಮತ್ತು ಸಲಹೆ ತೆಗೆದುಕೊಂಡು. ಸ್ಕೋನು ಚೆನ್ನಾಗಿದ್ದವು.

ಗೇಟಿನ ಪಕ್ಕದ ಅಂಚೆ ಪೆಟ್ಟಿಗೆ ಏಕೆ ಮಲಗಿದೆ ಎಂದು ಕೇಳಿದಳು. ಅದು ಗಾಡಿಗೆ ಅಡ್ಡ ಬಂತು ಎಂದೆ.

"ಅಂಚೆ ಪೆಟ್ಟಿಗೆ ಹೆಂಗೇ ಅಡ್ಡ ಬರುತ್ತೆ?"

"ಹೆಂಗೋ ಬಂತು."

ಅವಳು ಚಹಾ ಲೋಟ ಕೆಳಗಿಟ್ಟಳು. ಅಕ್ಕ ಲೋಟ ಕೆಳಗಿಟ್ಟರೆ ಅಪ್ಪನ ಸುದ್ದಿ ಬರುತ್ತದೆ.

"ಅಪ್ಪಂಗೂ ಹಿಂಗೇ ಶುರುವಾಗಿದ್ದು ಕಣೇ. ಬೇಲಿ ಗೂಟ ಬಗ್ಗಿವೆ ಅಂತ ಎಲ್ಲಾ ಕಿತ್ತು ಮತ್ತೆ ನೆಟ್ಟ. ಆಮೇಲೆ ನಮ್ಮ ಮುಖ ಕಾಣ್ಲಿಲ್ಲ. ಕಣ್ಣಿನ ನಡುಭಾಗವೇ ಸವೆದು ಹೋಗೋ ಕಾಯಿಲೆ, ರಕ್ತದಲ್ಲಿ ಬರುತ್ತೆ ಅಂತ ನನ್ನ ಡಾಕ್ಟ್ರು ಹೇಳಿದ್ರು. ಆಗ ಮದ್ದಿರ್ಲಿಲ್ಲ. ಈಗ ಇದೆ, ಬೇಗ ಹೋದ್ರೆ."

"ನಂಗೆ ಎಲ್ಲಾ ಕಾಣುತ್ತೆ."

"ನಾನು ಯಾವ ಬಣ್ಣದ ಅಂಗಿ ಹಾಕಿದೀನಿ?"

"ನೀನು ಯಾವಾಗ್ಲೂ ಹಾಕೋ ಬಣ್ಣದ್ದು."

ಅವಳ ಡಾಕ್ಟರು ಕೊಟ್ಟ ಒಂದು ಕಾರ್ಡನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೋಗಿದ್ದಾಳೆ. ಅದರ ತುಂಬ ಸಣ್ಣ ಚೌಕಗಳು, ನಡುವೆ ಒಂದು ಚುಕ್ಕೆ. ಒಂದು ಕಣ್ಣು ಮುಚ್ಚಿ ಚುಕ್ಕೆ ನೋಡಬೇಕಂತೆ, ಗೆರೆಗಳು ನೆಟ್ಟಗೆ ಕಾಣಬೇಕಂತೆ. ನೋಡಿದೆ. ಗೆರೆಗಳು ಅಂಕುಡೊಂಕಾಗಿವೆ, ಚುಕ್ಕೆ ಹಾಕುವುದನ್ನೇ ಮರೆತಿದ್ದಾರೆ. ಅಚ್ಚುಕೂಟದವರಿಗೆ ಈಗ ಕೆಲಸದ ಮೇಲೆ ನಿಗಾ ಇಲ್ಲ.

ಸೆಪ್ಟೆಂಬರ್ 12, ಗುರುವಾರ

ತೋಪಿನ ಅಂಚಿನ ದೊಡ್ಡ ಮರದಲ್ಲಿ ಒಂದು ಕೊಆಲಾ ಸಿಕ್ಕಿತು. ಎತ್ತರದ ಕವಲಿನಲ್ಲಿ ದುಂಡಗೆ, ದಪ್ಪಗೆ ಕೂತಿದೆ. ನೇರವಾಗಿ ನೋಡಿದರೂ ಕಾಣುತ್ತದೆ, ನಾಚಿಕೆ ಕಡಿಮೆ. ಗಂಡಿರಬೇಕು. ಪಟ್ಟಿ ಕಟ್ಟಿದೆ.

ಆ ಮರದಲ್ಲಿ ಒಂದು ಮ್ಯಾಗ್‌ಪೈ ಕೂಡ ಇದೆ. ಕಪ್ಪು ಬಿಳುಪಿನ ಆ ಹಕ್ಕಿ ಪಟ್ಟಿ ಕಟ್ಟುತ್ತಿದ್ದಾಗ ಎರಡು ಸಲ ತಲೆಯ ಮೇಲೆ ಎರಗಿತು. ಇಲ್ಲಿ ಸೆಪ್ಟೆಂಬರ್ ಎಂದರೆ ವಸಂತ, ಊರಲ್ಲಿ ಪೋಸ್ಟ್‌ಮನ್ನನ್ನೂ ಪಾದ್ರಿಯನ್ನೂ ಬಿಡದೆ ಕುಟುಕುವ ಕಾಲ. ಆದರೆ ಇದು ಕೊಆಲಾಕ್ಕೆ ಏನೂ ಮಾಡುವುದಿಲ್ಲ. ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿದೆ.

ಸೆಪ್ಟೆಂಬರ್ 17, ಮಂಗಳವಾರ

ಅಂಚಿನ ಮರದ ಕೊಆಲಾ ಕದಲಿಲ್ಲ. ಅದಕ್ಕೆ ಬಿಷಪ್ ಎಂದು ಹೆಸರಿಟ್ಟಿದ್ದೇನೆ. ಸಾಮಾನ್ಯ ಕೊಆಲಾ ಕತ್ತಲಾದ ಮೇಲೆ ಇಳಿದು ಬೇರೆ ಮರಕ್ಕೆ ನಡೆದು ಹೋಗುತ್ತದೆ. ಬಿಷಪ್ ಹೋಗುವುದಿಲ್ಲ. ತಿನ್ನುವುದನ್ನೂ ನಾನು ಕಂಡಿಲ್ಲ. ಇಂಥ ಸಂಯಮ ಮನುಷ್ಯರಲ್ಲೂ ಅಪರೂಪ.

ಸುತ್ತಲಿನ ತೋಪೆಲ್ಲ ಕಡಿದಾಗಿದೆ. ಬೋಳು ನೆಲದ ನಡುವೆ ಬಿಷಪ್ ಮತ್ತು ಅವನ ಸುತ್ತಲಿನ ಮರಗಳು ಮಾತ್ರ ನಿಂತಿವೆ. ಮೇಲ್ವಿಚಾರಕಿ ಟ್ರೂಡಿ ಪಿಕಪ್ಪಿನಲ್ಲಿ ಬಂದು ಕಿಟಕಿಯಿಂದಲೇ ಕೂಗಿದಳು.

"ಆ ಅಂಚಿನ ಮರದಲ್ಲಿ ಇನ್ನೂ ಇದೆಯಾ?"

ನಾನು ಬಾಯಿ ತೆರೆಯುವುದರೊಳಗೆ ಡೆಸ್ ಹೇಳಿದ, "ಇದೆ ಇದೆ. ಗಟ್ಟಿಯಾಗಿ ಕೂತಿದೆ."

"ಇದೆಂಥ ಸೋಮಾರಿ ಪ್ರಾಣೀನಪ್ಪಾ," ಎಂದು ಟ್ರೂಡಿ ಹೋದಳು. ಸೋಮಾರಿಯಲ್ಲ, ಎಲೆಯಲ್ಲಿ ಸತ್ವ ಕಡಿಮೆ. ಪಾಠದ ದಿನ ಅವಳು ಫೋನಿನಲ್ಲಿದ್ದಳು.

ಮ್ಯಾಗ್‌ಪೈ ಇವತ್ತೂ ಎರಗಿತು. ಹೆಲ್ಮೆಟ್ಟಿಗೆ ಪ್ಲಾಸ್ಟಿಕ್ ಕಡ್ಡಿಗಳನ್ನು ಮುಳ್ಳಿನಂತೆ ಸಿಕ್ಕಿಸಿಕೊಂಡಿದ್ದೇನೆ. ಮುಳ್ಳುಹಂದಿಯಂತೆ ಕಾಣುತ್ತೇನೆ ಎಂದು ಡೆಸ್ ಹೇಳಿದ. ಅವನ ಮುಖದ ನಡುವೆ ಒಂದು ಮಸುಕು ಮಚ್ಚೆ, ಮೂಗು ಇರಬೇಕಾದ ಜಾಗದಲ್ಲಿ. ಎಣ್ಣೆ ಮೆತ್ತಿಕೊಂಡಿರಬೇಕು. ಹೇಳಲಿಲ್ಲ.

ಸೆಪ್ಟೆಂಬರ್ 20, ಶುಕ್ರವಾರ

ಹೊಸ ಪದ್ಧತಿ ಕಂಡುಹಿಡಿದಿದ್ದೇನೆ. ಮೊದಲೆಲ್ಲ ಬರೀ ಮೇಲೆ ನೋಡುತ್ತಿದ್ದೆ. ಈಗ ಮೊದಲು ನೆಲ. ಮರದ ಬುಡದಲ್ಲಿ ಬಗ್ಗಿ ಕೈಯಾಡಿಸಿದರೆ ಹಿಕ್ಕೆ ಸಿಗುತ್ತದೆ, ಖರ್ಜೂರದ ಬೀಜದಷ್ಟು, ಗಟ್ಟಿ. ಬೆರಳಲ್ಲಿ ಒಡೆದು ಮೂಸಬೇಕು. ಹೊಸದಾದರೆ ನೀಲಗಿರಿ ಎಣ್ಣೆಯ ವಾಸನೆ, ಶೀತಕ್ಕೆ ಹಚ್ಚುವ ಮುಲಾಮಿನಂತೆ. ಆಮೇಲೆ ತೊಗಟೆಯನ್ನು ಅಂಗೈಯಲ್ಲಿ ಸವರಬೇಕು. ಉಗುರಿನ ಗೀರು ಹಸಿಯಾಗಿದ್ದರೆ ಅಂಟುತ್ತದೆ. ಗಂಡಿನ ಎದೆಯ ನಡುವೆ ಒಂದು ಗ್ರಂಥಿಯಿದೆ, ಅದನ್ನು ಕಾಂಡಕ್ಕೆ ಉಜ್ಜಿ ಹೋಗುತ್ತದೆ, ಆ ಘಾಟು ಮೂಗಿಗೆ ತಕ್ಷಣ ಬಡಿಯುತ್ತದೆ. ವಸಂತದಲ್ಲಿ ಅದು ಕೂಗುವುದನ್ನು ಕೇಳಿದರೆ ಹಂದಿಯೊಂದು ಮೋಟರ್‌ಸೈಕಲ್ ಚಾಲೂ ಮಾಡಲು ಹೆಣಗುತ್ತಿದೆ ಅನ್ನಿಸುತ್ತದೆ.

ಹೀಗೆ ಇವತ್ತು ಮೂರು ಸಿಕ್ಕವು. ಮೂರನ್ನೂ ಡೆಸ್ ನೋಡಿ ಹೌದೆಂದ. ನೋಡುವುದಕ್ಕೆ ಕಣ್ಣನ್ನೇ ನೆಚ್ಚಿಕೊಳ್ಳುವುದು ಹಳೆಯ ಪದ್ಧತಿ. ನಿಧಾನವಾಗುತ್ತದೆ ಅಷ್ಟೆ. ಡೆಸ್ ಯಂತ್ರ ನಿಲ್ಲಿಸಿ ಕಾಯುತ್ತಾನೆ.

ಸೆಪ್ಟೆಂಬರ್ 28, ಶನಿವಾರ

ಫುಟ್‌ಬಾಲ್ ಫೈನಲ್. ಟಿವಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ಚೆಂಡು ಎಲ್ಲಿದೆಯೆಂದು ಕ್ಯಾಮೆರಾದವರಿಗೇ ಗೊತ್ತಿಲ್ಲ. ಅರ್ಧಕ್ಕೆ ಆರಿಸಿ ರೇಡಿಯೋ ಹಾಕಿದೆ. ರೇಡಿಯೋದಲ್ಲಿ ಆಟ ಚೆನ್ನಾಗಿತ್ತು.

ಈ ಡೈರಿಯ ಗೆರೆಗಳೂ ಸೊಟ್ಟ. ಪೆನ್ನಿನಲ್ಲಿ ಶಾಯಿ ಸಾಲದು. ಹೊಸ ಪೆನ್ನು ತಂದೆ, ಅದರಲ್ಲೂ ಇಲ್ಲ.

ಅಕ್ಟೋಬರ್ 3, ಗುರುವಾರ

ಮಧ್ಯಾಹ್ನ ಯಂತ್ರದ ಸದ್ದು ನಿಂತಿತು. ಹೋಗಿ ನೋಡಿದರೆ ಡೆಸ್ ಕೆಳಗಿಳಿದು ಒಂದು ಮರಕ್ಕೆ ತಾನೇ ಗುಲಾಬಿ ಪಟ್ಟಿ ಕಟ್ಟುತ್ತಿದ್ದ. ನಾನು ಬೆಳಿಗ್ಗೆ ನೋಡಿ ಇಲ್ಲವೆಂದು ಬಿಟ್ಟು ಬಂದ ಸಾಲು.

"ಒಂದು ಇತ್ತು ವರ್ನ್."

"ನಾನು ಹೋದ ಮೇಲೆ ಹತ್ತಿರ್ಬೇಕು."

"ಹತ್ತಿರ್ಬೇಕು," ಎಂದ. ಅವನ ದನಿ ಎಂದಿನಂತಿರಲಿಲ್ಲ.

ಹೆಣ್ಣು. ಬೆನ್ನ ಮೇಲೆ ಮರಿ. ಯಂತ್ರದ ಕತ್ತರಿ ಕಾಂಡವನ್ನು ಕಚ್ಚುವ ಹೊತ್ತಿಗೆ ಡೆಸ್‌ನ ಮಾಂಸದ ಪೈ ಮಡಿಲಿಂದ ಜಾರಿ ಬಿತ್ತಂತೆ. ಎತ್ತಿಕೊಳ್ಳಲು ಬಗ್ಗಿ, ಏಳುವಾಗ ಗಾಜಿನ ಮೂಲೆಯಲ್ಲಿ ಮೇಲೆ ಏನೋ ಬೂದು ಬಣ್ಣದ್ದು ಕಂಡಿತಂತೆ. ಪೈ ಜಾರದಿದ್ದರೆ ಅಷ್ಟೇ ಆಗುತ್ತಿತ್ತು.

ಕೊಆಲಾ ಹಗಲಿನಲ್ಲಿ ಮರ ಬದಲಿಸುವುದು ಅಪರೂಪ. ಆದರೆ ಆಗುವುದಿಲ್ಲ ಎಂದೇನೂ ಇಲ್ಲ.

ಊಟ ಸೇರಲಿಲ್ಲ. ಕೋಳಿಗಳಿಗೆ ಹಾಕಿದೆ.

ಅಕ್ಟೋಬರ್ 4, ಶುಕ್ರವಾರ

ಡೆಸ್ ಜೊತೆ ಜಗಳ. ಚಹಾಕ್ಕೆ ಅವನು ಯಂತ್ರದ ಬಳಿಯೇ ಕೂತಿದ್ದ, ಶೆಡ್ಡಿಗೆ ಬರಲಿಲ್ಲ. ನಾನೇ ಹೋದೆ.

"ನಾನು ಕೂತಲ್ಲಿಂದ ಕಾಂಡ ಕಾಣುತ್ತೆ, ತಲೆ ಕಾಣಲ್ಲ," ಎಂದ. "ಇಷ್ಟು ವರ್ಷ ಮೇಲೆ ನೋಡೇ ಇಲ್ಲ ನಾನು. ಯಾಕೆ ಹೇಳು. ನೀನು ನೋಡಿದೀಯಾ ಅಂತ ನಾನು ನೋಡಲ್ಲ. ಇಷ್ಟು ವರ್ಷದಲ್ಲಿ ಒಂದನ್ನೂ ಕೊಂದಿಲ್ಲ. ನನ್ ಕೈಲಿ ಕೊಲ್ಲಿಸ್ಬೇಡ ವರ್ನ್."

"ಒಂದು ತಪ್ಪಿದ್ದಕ್ಕೆ ಇಷ್ಟು ಮಾತಾ?"

"ತಾಯಿ ಮರಿ ಎರಡು. ಕಣ್ಣು ತೋರಿಸ್ಕೊಂಡು ಬಾ."

"ನನ್ನ ಕಣ್ಣಿನ ವಿಷಯದಲ್ಲಿ ನೀನು ಮೂಗು ತೂರಿಸ್ಬೇಡ." ಆ ಮೂಗು ನನಗೆ ಕಾಣುತ್ತಿರಲಿಲ್ಲ, ಅದು ಬೇರೆ ಮಾತು.

"ಟ್ರೂಡಿಗೆ ಹೇಳಿದೀಯಾ?" ಎಂದೆ.

"ನಾನ್ಯಾಕೆ ಹೇಳ್ಲಿ? ನೀನು ಹೇಳ್ಬೇಕು."

ಹೇಳಿದರೆ ನಾಳೆಯೇ ನನ್ನ ಕೆಲಸದ ಜಾಕೆಟ್ಟು ಕಳಚಿಸುತ್ತಾಳೆ. ನೋಡುವುದು ಬಿಟ್ಟು ನನಗೆ ಬೇರೆ ಕೆಲಸ ಗೊತ್ತಿಲ್ಲ. ಅಪ್ಪ ಕೊನೆಯ ವರ್ಷಗಳಲ್ಲಿ ಹಜಾರದ ಕುರ್ಚಿಯಲ್ಲಿ ಕೂತು, ಯಾರು ಬಂದರೂ "ಯಾರದು?" ಎನ್ನುತ್ತಿದ್ದ. ನಾವು ಹೆಸರು ಹೇಳಬೇಕಾಗುತ್ತಿತ್ತು. ನಾನು ಅವನ ಮಗಳು, ದಿನಾ ಹೆಸರು ಹೇಳಿಕೊಂಡು ಒಳಗೆ ಹೋಗುತ್ತಿದ್ದೆ.

ನನಗೆ ಹೆದರಿಕೆಯಾಗಿದೆ. ಕೊಆಲಾಗಳ ವಿಷಯವಾಗಿ.

ಅಕ್ಟೋಬರ್ 9, ಬುಧವಾರ

ಬಿಷಪ್ ತೀರಿಕೊಂಡ. ಅಥವಾ ಹುಟ್ಟಿಯೇ ಇರಲಿಲ್ಲ.

ಡೆಸ್ ಬೆಳಿಗ್ಗೆ ಬಂದು, "ಇವತ್ತು ಅಂಚಿನ ಮರ ಕಡೀತೀನಿ," ಎಂದ.

"ಬಿಷಪ್ ಇಳಿದಿಲ್ಲ."

"ಇಳಿಯಲ್ಲ ವರ್ನ್. ಅದು ಮ್ಯಾಗ್‌ಪೈ ಗೂಡು. ಮರಿ ಮೊನ್ನೆ ಹಾರಿ ಹೋದ್ವು."

ನಾನು ಮೇಲೆ ನೋಡಿದೆ. ಪಕ್ಕಕ್ಕೂ ನೋಡಿದೆ. ದುಂಡಗೆ, ದಪ್ಪಗೆ, ಸಂಯಮದಿಂದ ಕೂತಿತ್ತು.

"ಯಾವಾಗಿಂದ ಗೊತ್ತು ನಿಂಗೆ?"

"ನೀನು ಪಟ್ಟಿ ಕಟ್ಟಿದ್ದಿನದಿಂದ."

"ಹೇಳಕ್ಕೇನಾಗಿತ್ತು?"

"ಒಳಗೆ ಮರಿ ಇದ್ವಲ್ಲ. ಅವಕ್ಕೂ ಮರ ಬೇಕು. ಪಟ್ಟಿ ಹೆಂಗೂ ಕಟ್ಟಾಗಿತ್ತು, ನಾನ್ಯಾಕೆ ಬಾಯಿ ಬಿಡ್ಲಿ?" ಯಂತ್ರದ ಕಡೆ ತಿರುಗಿ ಹೇಳಿದ, "ಟ್ರೂಡಿ ಮುಂದೆ ನಿನ್ ಮಾನ ತೆಗೆಯಕ್ಕೂ ಮನಸ್ಸು ಬರ್ಲಿಲ್ಲ."

ಈಗ ನೆನೆದರೆ, ಆ ಹಕ್ಕಿ ಅಷ್ಟು ಸಲ ಕುಟುಕಿ ಹೇಳಿತ್ತು. ಈ ಸೀಮೆಯಲ್ಲಿ ಮೂರು ವರ್ಷದ ಕೂಸಿಗೂ ಗೊತ್ತು, ಮ್ಯಾಗ್‌ಪೈ ಎರಗಿದರೆ ಮೇಲೆ ಗೂಡಿದೆ ಎಂದು. ನಾನು ಹೆಲ್ಮೆಟ್ಟಿಗೆ ಮುಳ್ಳು ಸಿಕ್ಕಿಸಿಕೊಂಡೆ.

ಮರ ಬಿದ್ದ ಮೇಲೆ ಡೆಸ್ ಗೂಡನ್ನು ತಂದು ಕೈಗೆ ಕೊಟ್ಟ. ಕಡ್ಡಿ, ತಂತಿ, ಕುರಿ ಉಣ್ಣೆ, ನಡುವೆ ನನ್ನದೇ ಗುಲಾಬಿ ಪಟ್ಟಿಯ ಒಂದು ತುಂಡು. ತಂದು ಮೇಜಿನ ಮೇಲಿಟ್ಟಿದ್ದೇನೆ. ಹತ್ತಿರದಿಂದ ನೋಡಿದರೆ ಖಂಡಿತ ಗೂಡು.

ಅಕ್ಟೋಬರ್ 14, ಸೋಮವಾರ

ನಾಳೆ ಕೊನೆಯ ತೋಪು. ಅಲ್ಲಿ ಕೊಆಲಾಗಳಿವೆ, ವಾರದಿಂದ ಕೂಗು ಕೇಳುತ್ತಿದೆ. ಸುತ್ತ ಕಡಿದ ಜಾಗದಿಂದ ಎಲ್ಲ ಅಲ್ಲಿಗೇ ನಡೆದು ಸೇರಿರುತ್ತವೆ, ಮರಿ ಹೊತ್ತ ತಾಯಿಯೂ.

ಆ ಮರಿಗೆ ಈಗ ಎಲೆ ತಿನ್ನುವ ಕಾಲ. ಅದಕ್ಕೆ ಮುಂಚೆ ತಾಯಿಯ ಹಿಂಬದಿಯಿಂದ ಬರುವ ಒಂದು ಬಗೆಯ ಮೆತ್ತನೆಯ ಗಂಜಿ ತಿನ್ನುತ್ತದೆ. ಹಿಕ್ಕೆಯಲ್ಲ, ಅದೇ ಬೇರೆ. ಎಲೆಯ ವಿಷ ಅರಗಿಸುವ ಸೂಕ್ಷ್ಮಜೀವಿಗಳು ಮರಿಯ ಹೊಟ್ಟೆಗೆ ಹೋಗುವುದು ಹಾಗೆ. ಅದಿಲ್ಲದೆ ಮರಿಗೆ ನೀಲಗಿರಿ ದಕ್ಕುವುದಿಲ್ಲ. ಪಾಠದಲ್ಲಿ ಇಲ್ಲಿಗೆ ಬಂದಾಗ ಎಲ್ಲರೂ ಮುಖ ಕಿವುಚಿ ಬಿಸ್ಕತ್ತು ಕೆಳಗಿಡುತ್ತಾರೆ. ನನಗೆ ಮಾತ್ರ ಯಾವಾಗಲೂ, ಎಂಥ ಅಚ್ಚುಕಟ್ಟು ಅನ್ನಿಸುತ್ತದೆ. ಅಪ್ಪನಿಂದ ನಮಗೆ ಬಂದದ್ದು ಇಷ್ಟು ಉಪಯೋಗದ್ದಲ್ಲ.

ಫ್ರಿಜ್ಜಿನ ಕಾರ್ಡು ಮತ್ತೆ ನೋಡಿದೆ. ನಡುವಿನ ಚೌಕಗಳೂ ಹೋಗಿವೆ. ಅಗ್ಗದ ಶಾಯಿ.

ಅಕ್ಟೋಬರ್ 15, ಮಂಗಳವಾರ

ಬರೆಯುವುದಕ್ಕೆ ಮರಕ್ಕೆ ಗುರುತು ಹಾಕುವ ದಪ್ಪ ಬಳಪವನ್ನೇ ತಂದಿದ್ದೇನೆ. ಒಂದು ಪುಟಕ್ಕೆ ಕೆಲವೇ ಸಾಲು ಹಿಡಿಯುತ್ತವೆ. ಡೈರಿಯಲ್ಲಿ ಪುಟಗಳು ಬೇಕಾದಷ್ಟಿವೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದೆ. ಮೊದಲ ಮರ. ನೇರ ನೋಡಿದೆ, ಇಲ್ಲ. ಪಕ್ಕಕ್ಕೆ ನೋಡಿದೆ, ಏನೋ ದುಂಡಗೆ. ಎಲೆಯ ಗೊಂಚಲೋ, ಗೂಡೋ, ಕೊಆಲಾವೋ. ಕಾಂಡ ಸವರಿದೆ, ಗೀರು ಇದೆ. ನೆಲ ತಡವಿದೆ, ಹಿಕ್ಕೆ ಇದೆ. ಮೂಸಿದೆ, ಹೊಸದು. ಪಟ್ಟಿ ಕಟ್ಟಿದೆ.

ಎರಡನೆಯ ಮರವೂ ಹಾಗೇ. ಮೂರನೆಯದೂ. ಅಷ್ಟೊಂದು ಒಂದೇ ಕಡೆ ಸೇರಿದರೆ ಹಿಕ್ಕೆ ಎಲ್ಲ ಕಡೆ ಇರುತ್ತದೆ, ಗೀರು ಎಲ್ಲ ಮರದಲ್ಲೂ ಇರುತ್ತದೆ. ಹೊಸ ಪದ್ಧತಿ ಇಲ್ಲಿ ಕೈಕೊಟ್ಟಿತು. ಎಲ್ಲ ಮರದಲ್ಲೂ ಇರಬಹುದು, ಯಾವುದರಲ್ಲೂ ಇಲ್ಲದಿರಬಹುದು. ಒಂದು ಮರಕ್ಕೆ ಬೆನ್ನು ಹಾಕಿ ಮುಂದೆ ಹೋದೆ, ಮತ್ತೆ ಹಿಂದೆ ಬಂದೆ. ಪಟ್ಟಿ ಕಟ್ಟದೆ ಬಿಡಲು ಕೈ ಬರಲಿಲ್ಲ. ಡೆಸ್ ಮೇಲೆ ನೋಡುವುದಿಲ್ಲ. ನಾನು ನೋಡಿದ್ದೇನೆಂದು ನೋಡುವುದಿಲ್ಲ.

ಎಲ್ಲಕ್ಕೂ ಕಟ್ಟಿದೆ.

ಪಟ್ಟಿಯ ಸುರುಳಿಗಳೆಲ್ಲ ಮುಗಿದವು. ಕೊನೆಯ ಸಾಲಿನ ತುದಿಯಲ್ಲಿ ಒಂದು ಮರ ಉಳಿಯಿತು. ಅದನ್ನು ಬಹಳ ಹೊತ್ತು ನೇರವಾಗಿ ನೋಡಿದೆ. ಏನೂ ಇರಲಿಲ್ಲ. ಅದರ ಬುಡಕ್ಕೆ ಒರಗಿ ಕೂತು ಥರ್ಮಾಸಿನಿಂದ ಚಹಾ ಬಗ್ಗಿಸಿಕೊಂಡೆ. ಸ್ವಲ್ಪ ಚಹಾ ಲೋಟಕ್ಕೂ ಬಿತ್ತು.

ಯಂತ್ರ ಬಂತು. ಬಂದು, ನಿಂತಿತು. ಸದ್ದು ಆರಿತು. ಡೆಸ್ ಇಳಿದು ತೋಪಿನುದ್ದಕ್ಕೂ ನಡೆದು ಬರುವುದು ಕೇಳಿಸಿತು. ಅವನ ಎಡಗಾಲಿನ ಬೂಟು ಕಿರುಗುಡುತ್ತದೆ. ಮುಂಚೆ ಇದನ್ನು ಗಮನಿಸಿರಲಿಲ್ಲ.

"ಎಲ್ಲದಕ್ಕೂ ಕಟ್ಟಿದೀಯಾ," ಎಂದ.

"ಹೂಂ."

"ಎಲ್ಲದ್ರಲ್ಲೂ ಇವೆಯಾ?"

"ಇರಬಹುದು."

"ಈ ಮರಕ್ಕೆ ಪಟ್ಟಿ ಇಲ್ಲ."

"ನಾನಿದೀನಲ್ಲ."

ಅವನು ನನ್ನ ಪಕ್ಕ ಕೂತ. ನನ್ನ ಕೈಯಿಂದ ಥರ್ಮಾಸು ತೆಗೆದುಕೊಂಡು ಲೋಟ ತುಂಬಿಸಿ ಕೊಟ್ಟ. ವಾಕಿಟಾಕಿಯಲ್ಲಿ ಟ್ರೂಡಿ ಕಿರುಚುತ್ತಿದ್ದಳು, ಯಂತ್ರ ಯಾಕೆ ನಿಂತಿದೆ ಎಂದು. ಡೆಸ್ ಗುಂಡಿ ಒತ್ತಿದ.

"ಪಟ್ಟಿ ಕಟ್ಟಿದೆ."

"ಯಾವ ಮರಕ್ಕೆ?"

"ಎಲ್ಲದಕ್ಕೂ."

"ತಲೆ ಸರಿ ಇದೆಯಾ? ಮರಕ್ಕೊಂದು ಕೊಆಲಾನಾ?"

"ವರ್ನ್ ಕಟ್ಟಿದ್ರೆ ಕಡಿಯಲ್ಲ ನಾನು. ನಿಯಮ ನಿಂದೇ."

ನಾನು ಕೈ ಚಾಚಿದೆ. ವಾಕಿಟಾಕಿ ಕೊಟ್ಟ. "ಟ್ರೂಡಿ, ಬೇರೆ ಯಾರನ್ನಾದ್ರೂ ಕಳಿಸು, ನೋಡಕ್ಕೆ. ನಂಗೆ ಕಾಣ್ತಿಲ್ಲ," ಎಂದೆ.

ಬೆಳಕು ಚೆನ್ನಾಗಿರಲಿಲ್ಲ.

ಅಕ್ಟೋಬರ್ 16, ಬುಧವಾರ

ಪೋರ್ಟ್‌ಲ್ಯಾಂಡಿನಿಂದ ಇಬ್ಬರು ಬಂದು ನೋಡಿದರು. ಪಟ್ಟಿ ಕಟ್ಟಿದ ಮರಗಳಲ್ಲಿ ಕೆಲವು ಗಂಡು. ತಾಯಿ ಮರಿ ಅವುಗಳಲ್ಲಿ ಇರಲಿಲ್ಲ.

ನಾನು ಒರಗಿ ಕೂತಿದ್ದ ಮರದಲ್ಲಿತ್ತು. ಡೆಸ್ ಮನೆಗೆ ಬಂದು ಹೇಳಿದ. ಹೇಳಿ, ಬಿದ್ದ ಅಂಚೆ ಪೆಟ್ಟಿಗೆಯನ್ನು ನಿಲ್ಲಿಸಿ, ಗುದ್ದಲಿಯಿಂದ ಮಣ್ಣು ತುಂಬಿಸಿ ಹೋದ.

ಟ್ರೂಡಿಗೆ ಜಾಕೆಟ್ಟು ಒಗೆದು ಕಳಿಸಿದೆ. ಅಳು ಬಂತು. ಸ್ವಲ್ಪ ಹೊತ್ತು ಅತ್ತೆ. ಕೋಳಿಗಳು ನೋಡಿದವು.

ಅಕ್ಟೋಬರ್ 18, ಶುಕ್ರವಾರ

ವಾರ್ನಂಬೂಲ್ ಆಸ್ಪತ್ರೆ. ಇಸೊಬೆಲ್ ಕರೆದೊಯ್ದಳು. ದಾರಿಯುದ್ದಕ್ಕೂ "ನಾನು ಹೇಳಿರ್ಲಿಲ್ವಾ" ಎನ್ನಲಿಲ್ಲ. ಅದಕ್ಕೆ ಅವಳಿಗೆ ಬಹಳ ಕಷ್ಟವಾಗಿರಬೇಕು.

ಕಣ್ಣಿನೊಳಕ್ಕೆ ಸೂಜಿ ಚುಚ್ಚುತ್ತಾರೆ. ಕೇಳುವುದಕ್ಕೆ ಇರುವಷ್ಟು ಕೆಟ್ಟದ್ದಲ್ಲ, ಆದರೆ ಒಳ್ಳೆಯದೂ ಅಲ್ಲ. ಬಲಗಣ್ಣು ತಡವಾಯಿತಂತೆ. ಎಡಗಣ್ಣಿನಲ್ಲೂ ಸಾಕಷ್ಟು ಹೋಗಿದೆ, ಇನ್ನೂ ಸ್ವಲ್ಪ ಉಳಿದಿದೆ.

"ಹೋಗಿದ್ದು ವಾಪಸ್ ಬರಲ್ಲ," ಎಂದಳು ಡಾಕ್ಟರು. "ಇರೋದನ್ನ ಉಳಿಸ್ಕೋಬಹುದು. ಇನ್ನೊಂದೆರಡು ತಿಂಗಳು ಬಿಟ್ಟು ಬಂದಿದ್ರೆ ಅದೂ ಕಷ್ಟವಿತ್ತು. ಏನು ಕೆಲಸ ಮಾಡ್ತೀರಿ?"

"ನೋಡೋದು," ಎಂದೆ. ಆಮೇಲೆ, "ಮಾಡ್ತಿದ್ದೆ," ಎಂದೆ.

ಹೊರಗೆ ಇಸೊಬೆಲ್ ನನ್ನ ತೋಳು ಹಿಡಿದುಕೊಂಡಳು. ಅವಳ ಅಂಗಿ ಹಸಿರು.

ನವೆಂಬರ್ 5, ಮಂಗಳವಾರ

ಕುದುರೆ ಪಂದ್ಯದ ದಿನ, ಇಡೀ ರಾಜ್ಯಕ್ಕೆ ರಜೆ. ಡೆಸ್ ಪಿಕಪ್ಪು ತಂದು, ಶೆಡ್ಡಿನಲ್ಲಿ ಎಲ್ಲರೂ ರೇಡಿಯೋ ಕೇಳುತ್ತಾರೆ, ಬಾ ಎಂದ. ಹೋದೆ. ಟ್ರೂಡಿ ಕೇಕು ಕೊಟ್ಟಳು. ಮುಂದಿನ ಹಂಗಾಮಿನಲ್ಲೂ ಕೊಆಲಾ ಪಾಠ ನಾನೇ ಹೇಳಬೇಕಂತೆ. "ಅದಕ್ಕೆ ಕಣ್ಣು ಬೇಕಾಗಿಲ್ವಲ್ಲ," ಎಂದಳು. ಯೋಚಿಸುತ್ತೇನೆ ಎಂದೆ. ಫೋನು ಪಕ್ಕಕ್ಕಿಟ್ಟು ಕೇಳುವುದಾದರೆ ಎಂದೂ ಹೇಳಿದೆ.

ವಾಪಸ್ ಬರುವಾಗ ಡೆಸ್ ಕೊನೆಯ ತೋಪಿನ ದಾರಿ ಹಿಡಿದ. ತೋಪು ಈಗ ಇಲ್ಲ, ಬೋಳು ನೆಲ. ತುದಿಯಲ್ಲಿ ನನ್ನ ಮರ ಮತ್ತು ಅದರ ಸುತ್ತಲಿನವು ಮಾತ್ರ. ತಾಯಿ ಹೋಗಿ ಬಂದು ಮಾಡುತ್ತಿದೆಯಂತೆ, ಪೂರ್ತಿ ಹೋಗಿಲ್ಲವಂತೆ. ಕಾಂಡಕ್ಕೆ ಗುಲಾಬಿ ಪಟ್ಟಿ ಇತ್ತು. ಕಟ್ಟಿದವನು ಡೆಸ್, ನನ್ನ ಗಂಟಾದರೆ ಇನ್ನೂ ಬಿಗಿ.

ಗಾಡಿ ನಿಲ್ಲಿಸಿದ. "ನೋಡ್ತೀಯಾ?"

"ನೀನೇ ನೋಡಿ ಹೇಳು," ಎಂದೆ.

ಅವನು ಇಳಿದ. ಕಿರುಗುಡುವ ಬೂಟು ಮರದ ಕಡೆ ಹೋಗಿ, ಸುತ್ತು ಹಾಕಿ, ನಿಂತಿತು. ಬಹಳ ಹೊತ್ತು ಮೇಲೆ ನೋಡಿದ. ಇಷ್ಟು ವರ್ಷದ ಬಾಕಿಯೆಲ್ಲ ನೋಡುತ್ತಿದ್ದಾನೆ ಅನ್ನಿಸಿತು.

"ಇವೆ," ಎಂದ. "ಮರಿ ಬೆನ್ನಿಂದ ಇಳಿದು ಪಕ್ಕದ ಕೊಂಬೆಲಿದೆ. ಎಲೆ ಅಗೀತಿದೆ. ತಾಯಿ ಮಾತ್ರ ಕವಲಲ್ಲಿ ಕಾಲು ಇಳಿಬಿಟ್ಟು ಒಳ್ಳೆ ನಿದ್ದೆ. ಪ್ರಪಂಚ ಮುಳುಗಿದ್ರೂ ಏಳಲ್ಲ."

"ಕುಡಿದಿರ್ಬೇಕು," ಎಂದೆ.

ಡೆಸ್ ಬಾಗಿಲು ತೆರೆದು ಒಳಗೆ ಕೂತ. ಗಾಡಿ ಚಾಲೂ ಮಾಡಲಿಲ್ಲ. ಆಮೇಲೆ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

ಇವತ್ತು ನೋಡಿದ್ದು: ಎರಡು. ನೋಡಿದವನು ಡೆಸ್. ಬೆಳಕು ಚೆನ್ನಾಗಿತ್ತು.